ಸಿಗಾರ್ ಸಾಕಣೆ

ನಮ್ಮ ಹಾಲಿನ ಶೋಕೇಸಿನ ಕೆಳಗಿನ ಖಾನೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಬಂದವರು ಒಡವೆ ಪೆಟ್ಟಿಗೆ ಅಂದುಕೊಳ್ಳುತ್ತಾರೆ. ಒಳಗಿರುವುದು ಎಂಟು ಸಿಗಾರ್. ಮೊದಲು ಹತ್ತಿದ್ದವು. ಒಂದನ್ನು ಸೇದಿದೆ, ಒಂದನ್ನು ಕೊಂದೆ. ಉಳಿದ ಎಂಟನ್ನು ಎರಡು ವರ್ಷದಿಂದ ಸಾಕುತ್ತಿದ್ದೇನೆ. “ಇಷ್ಟು ಕಷ್ಟಪಟ್ಟು ಒಂದು ನಾಯಿ ಸಾಕಿದ್ರೆ ಬಾಲನಾದ್ರೂ ಅಲ್ಲಾಡಿಸ್ತಿತ್ತು ಕಣ್ರೀ” ಅನ್ನುತ್ತಾಳೆ ಹೆಂಡತಿ. ಅವಳ ಮಾತಿನಲ್ಲಿ ತಪ್ಪೇನಿಲ್ಲ.

ಹಾಗಂತ ನಾನು ಹೊಗೆ ಬಿಡುವ ಗಿರಾಕಿಯಲ್ಲ. ನಮ್ಮಲ್ಲಿ ಸಿಗರೇಟು ಪ್ಯಾಕಿನ ಶೇಕಡಾ 85 ಭಾಗ ತುಂಬಿರುವ ಆ ಚಿತ್ರ ಕಂಡರೇ ನನಗೆ ಊಟ ಸೇರುವುದಿಲ್ಲ. ಇವು ಬಂದದ್ದು ಉಡುಗೊರೆಯಾಗಿ. ನನಗೆ ಐವತ್ತು ತುಂಬಿದ ವರ್ಷ ಭಾವಮೈದ ವಿದೇಶದಿಂದ ಬರುವಾಗ ಏರ್‌ಪೋರ್ಟಿನಲ್ಲಿ ಹಿಡಿದುಕೊಂಡು ಬಂದ. “ಭಾವ, ವರ್ಷಕ್ಕೊಂದು ಹಚ್ಚಿ. ಅಲ್ಲೀತನಕ ಹುಷಾರಾಗಿ ಇಟ್ಟಿರಿ” ಅಂದ. ಹುಷಾರಾಗಿ ಅಂದರೆ ಹೇಗೆ ಅಂತ ಹೇಳಲಿಲ್ಲ. ನಾನು ಫ್ರಿಜ್ಜಿನ ಬಾಗಿಲಲ್ಲಿ ನಿಂಬೆಹಣ್ಣಿನ ಪಕ್ಕ ಇಟ್ಟೆ.

ಎಡವಿದ್ದು ಅಲ್ಲೇ. ತಂಪು ಬೇರೆ, ತೇವ ಬೇರೆ. ಈಗಿನ ಫ್ರಿಜ್ಜು ಒಳಗಿನ ಗಾಳಿಯ ಪಸೆಯನ್ನೆಲ್ಲ ಹೀರಿಬಿಡುತ್ತದೆ. ಕವರಿಲ್ಲದೆ ಇಟ್ಟ ಕೊತ್ತಂಬರಿ ಸೊಪ್ಪು ಎರಡೇ ದಿನಕ್ಕೆ ಸೊರಗುತ್ತದಲ್ಲ, ಸಿಗಾರ್ ಕತೆಯೂ ಅಷ್ಟೇ. ಅದೂ ಸೊಪ್ಪೇ ತಾನೆ? ಒಳಗೆ ತುಂಬುವ ಎಲೆ, ಅದನ್ನು ಹಿಡಿದಿಡುವ ಎಲೆ, ಮೇಲೆ ಸುತ್ತುವ ನಯವಾದ ಎಲೆ. ಎಲ್ಲ ಸೇರಿ ಒಂದು ಸುರುಳಿ. ತಮಿಳಿನ ‘ಸುರುಟ್ಟು’ ಅನ್ನುವ ಪದವನ್ನೇ ಇಂಗ್ಲಿಷರು ‘ಚೆರೂಟ್’ ಮಾಡಿಕೊಂಡರು. ತಿರುಚ್ಚಿ ಪಕ್ಕದ ಉರೈಯೂರಿನ ಸುರುಟ್ಟು ಅವರಿಗೆ ಅಷ್ಟು ಹಿಡಿಸಿತ್ತು. ನಮ್ಮ ಹಳ್ಳಿ ಕಡೆ ಇಂಥದ್ದಕ್ಕೆ ಚುಟ್ಟಾ ಅಂತಾರೆ. ಚುಟ್ಟಾ ಅಂದರೆ ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡು ಓಡಾಡಬಹುದು. ಸಿಗಾರ್ ಅಂದ ಕೂಡಲೇ ಅದಕ್ಕೊಂದು ಮನೆ ಬೇಕು, ಆ ಮನೆಗೊಂದು ಹೆಸರು ಬೇಕು: ಹ್ಯುಮಿಡಾರ್.

ನಮ್ಮ ಅಡುಗೆಮನೆಯ ಬುದ್ಧಿಗೆ ಈ ಹ್ಯುಮಿಡಾರ್ ಪೂರ್ತಿ ಉಲ್ಟಾ. ನಮಗೆ ತೇವ ಅಂದರೆ ಶತ್ರು. ಹಪ್ಪಳ, ಸಂಡಿಗೆ, ಚಕ್ಕುಲಿ ಮೆತ್ತಗಾಗಬಾರದು. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದರೆ ಮನೆಯಲ್ಲಿ ಯುದ್ಧ. ತೇವವನ್ನು ಕರೆದು ಕೂರಿಸಿಕೊಂಡು ಉಪಚಾರ ಮಾಡುತ್ತಿದ್ದವಳು ನಮ್ಮನೆಯಲ್ಲಿ ಒಬ್ಬಳೇ, ನಮ್ಮಜ್ಜಿ. ಅದೂ ವೀಳ್ಯದೆಲೆಗೋಸ್ಕರ. ಎಲೆ ತೊಳೆದು, ಜೋರಾಗಿ ಒದರಿ, ಹಳೇ ಪಂಚೆಯ ತುಂಡನ್ನು ನೆನೆಸಿ ಗಟ್ಟಿಯಾಗಿ ಹಿಂಡಿ, ಅದರಲ್ಲಿ ಸುತ್ತಿಡುತ್ತಿದ್ದಳು. ದಿನಾ ಬೆಳಗ್ಗೆ ಗಂಟು ಬಿಚ್ಚಿ ಒಂದೊಂದೇ ಎಲೆ ತಿರುವಿ ಹಾಕುವಳು. ಕೊಳೆತದ್ದೊಂದು ಸಿಕ್ಕರೆ ತಕ್ಷಣ ಹೊರಗೆ. ಬಟ್ಟೆ ಒಣಗಿದ್ದರೆ ಬೆರಳು ಅದ್ದಿ ನಾಲ್ಕು ಹನಿ ಚಿಮುಕಿಸುವಳು. ಐದನೇ ಹನಿ ನಾನು ಕಂಡಿಲ್ಲ.

ಪೆಟ್ಟಿಗೆಯನ್ನು ನಾನೇ ತರಿಸಿದೆ. ಒಳಗೆ ಸ್ಪ್ಯಾನಿಶ್ ಸೀಡರ್ ಮರದ ಹಲಗೆ. ಹೆಸರಿಗೆ ಮಾತ್ರ ಸ್ಪ್ಯಾನಿಶ್. ಅದು ಬೆಳೆಯುವುದು ಅಮೆರಿಕ ಖಂಡದ ಬೆಚ್ಚಗಿನ ನಾಡುಗಳಲ್ಲಿ. ದೇವದಾರುವಿಗೂ ಅದಕ್ಕೂ ನೆಂಟಸ್ತನವಿಲ್ಲ, ಬೇವಿನ ಕುಟುಂಬಕ್ಕೆ ಸೇರಿದ ಮರ ಅದು. ನಮ್ಮ ಮಲೆನಾಡಿನ ಗಂಧಗರಿಗೆ ಅದಕ್ಕೆ ಹತ್ತಿರದ ಬಂಧು. ಮುಚ್ಚಳ ತೆಗೆದರೆ ಪೆನ್ಸಿಲ್ ಕೆತ್ತಿದ ಹಾಗೆ ಘಮ. ಅದಕ್ಕೆ ಮರುಳಾಗಿ ಅವತ್ತೇ ಸಿಗಾರ್ ಜೋಡಿಸಲು ಹೊರಟಿದ್ದೆ. ಭಾವಮೈದ ವಿಡಿಯೋ ಕಾಲ್‌ನಲ್ಲಿ ಕೂಗಿಕೊಂಡ. ಒಣಗಿದ ಮರ ಸಿಗಾರ್‌ನಲ್ಲಿರುವ ಪಸೆಯನ್ನೇ ಕುಡಿದುಬಿಡುತ್ತದಂತೆ. ಮೊದಲು ಮರದ ಬಾಯಾರಿಕೆ ತೀರಿಸಬೇಕು.

ಹೊಸ ಕಾವಲಿಯನ್ನು ಪಳಗಿಸುತ್ತೇವಲ್ಲ, ಹಾಗೆ. ಒಂದು ಬಟ್ಟಲಲ್ಲಿ ನೀರು ತುಂಬಿ ಖಾಲಿ ಪೆಟ್ಟಿಗೆಯೊಳಗಿಟ್ಟು ಮುಚ್ಚಿ ಒಂದೆರಡು ವಾರ ಸುಮ್ನೆ ಬಿಡಬೇಕು. ಕೆಲವರು ಹಲಗೆಯನ್ನೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಬೇಗ ಆಗುತ್ತದೆ, ಆದರೆ ಮರ ಡೊಂಕಾಗುವ ಭಯ. ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಬೇಕು. ನಮ್ಮ ಬೋರ್‌ವೆಲ್ ನೀರು ಗೀಸರ್ ಕಾಯಿಲ್‌ಗೆ ಏನು ಮಾಡಿದೆ ಅಂತ ನೋಡಿದ್ದೇನೆ, ಹಾಗಾಗಿ ವಾದ ಮಾಡಲಿಲ್ಲ. ಇನ್ವರ್ಟರ್ ಬ್ಯಾಟರಿಗೆ ನೀರು ತರುವ ಅಂಗಡಿಯಲ್ಲಿ ಇನ್ನೊಂದು ಕ್ಯಾನ್ ಕೇಳಿದೆ. “ಎರಡು ಇನ್ವರ್ಟರಾ ಸಾರ್?” ಅಂದ ಹುಡುಗ. ಇಲ್ಲಪ್ಪ, ಸಿಗಾರ್ ಪೆಟ್ಟಿಗೆಗೆ ಅಂತ ಹೇಳುವ ಧೈರ್ಯವಾಗಲಿಲ್ಲ. ಹೂಂ ಅಂದೆ.

ಆಮೇಲೆ ಶುರುವಾಯಿತು ನಂಬರಿನ ಹುಚ್ಚು. ಗಾಳಿಯ ತೇವ ಶೇಕಡಾ 70, ಶಾಖ 70 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 21 ಡಿಗ್ರಿ. ಇದು ಹಳಬರ ಸೂತ್ರ. ತೇವ 65ರಿಂದ 72ರೊಳಗೆ ಎಲ್ಲಿದ್ದರೂ ನಡೆಯುತ್ತದೆ. ಇದಕ್ಕಿಂತ ಒಣಗಿದರೆ ಸಿಗಾರ್ ಬೇಗ ಉರಿದು ಗಂಟಲು ಸುಡುತ್ತದೆ, ಒಳಗಿನ ಎಣ್ಣೆಯ ಘಮವೂ ಆರಿಹೋಗುತ್ತದೆ. ತೇವ ಜಾಸ್ತಿಯಾದರೆ ಹತ್ತಿಕೊಳ್ಳುವುದೇ ಇಲ್ಲ. ಬೆಂಗಳೂರಿನ ಮಾರ್ಚ್ ತಿಂಗಳ ಮಧ್ಯಾಹ್ನ ಹೊರಗಿನ ತೇವ 30 ಇರುತ್ತದೆ, ಜುಲೈನಲ್ಲಿ 80 ದಾಟುತ್ತದೆ. ಇವೆರಡರ ನಡುವೆ ಪೆಟ್ಟಿಗೆಯ ಒಳಗೆ ಮಾತ್ರ ವರ್ಷವಿಡೀ ಒಂದೇ ಋತು ಇರಬೇಕು.

ಪೆಟ್ಟಿಗೆಯ ಜೊತೆ ಬಂದ ಮುಳ್ಳಿನ ಮೀಟರ್ ಮೊದಲ ವಾರವೇ 70 ತೋರಿಸಿತು. ನಾನು ಉಬ್ಬಿಹೋದೆ. ಹತ್ತು ದಿನದಲ್ಲಿ ಒಂದು ಸಿಗಾರ್ ಕೂಡ ಉಬ್ಬಿತು. ಒಳಗಿನ ಎಲೆ ನೀರು ಕುಡಿದು ದಪ್ಪಗಾಗಿ, ಮೇಲಿನ ತೆಳ್ಳನೆಯ ಎಲೆ ಉದ್ದಕ್ಕೆ ಸೀಳಿತ್ತು, ಹಬ್ಬದ ಊಟ ಮಾಡಿದವರ ಅಂಗಿ ಗುಂಡಿಯ ಹಾಗೆ. ನಾನು ಕೊಂದದ್ದು ಅಂದೆನಲ್ಲ, ಅದು ಇದೇ.

ಮೀಟರ್ ಸುಳ್ಳು ಹೇಳುತ್ತಿದೆಯಾ ಅಂತ ಹಿಡಿಯಲು ಒಂದು ಉಪಾಯವಿದೆ. ನನಗೆ ಇಡೀ ವ್ಯವಹಾರದಲ್ಲಿ ತುಂಬಾ ಇಷ್ಟವಾದದ್ದು ಇದೇ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ. ಕೆಲವೇ ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಾಗಬೇಕು. ಅದನ್ನೂ ಮೀಟರನ್ನೂ ಜಿಪ್ ಕವರಿಗೆ ಹಾಕಿ, ಬಾಯಿ ಮುಚ್ಚಿ ಒಂದು ದಿನ ಬಿಡಿ. ಒದ್ದೆ ಉಪ್ಪು ತನ್ನ ಸುತ್ತಲಿನ ಗಾಳಿಯನ್ನು ಸರಿಯಾಗಿ 75ಕ್ಕೆ ತಂದು ನಿಲ್ಲಿಸುತ್ತದೆ. ಯಾರ ಮನೆಯ ಉಪ್ಪಾದರೂ ಸರಿ. ನನ್ನ ಮೀಟರ್ ತೋರಿಸಿದ್ದು 68. ಅಂದರೆ ಇಷ್ಟು ದಿನ ನಾನು 70 ಅಂತ ಹೆಮ್ಮೆಪಟ್ಟಿದ್ದು ನಿಜಕ್ಕೂ 77. ಹೊಸ ಮೀಟರ್ ಕೊಳ್ಳಲಿಲ್ಲ. 7 ಕೂಡಿಸಿಕೊಂಡು ಓದುತ್ತೇನೆ. ನಮ್ಮನೆ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆ, ಎಲ್ಲರೂ ಕಳೆದುಕೊಂಡೇ ಬದುಕುತ್ತಿಲ್ವಾ?

ತೇವಕ್ಕೆಂದು ಪೆಟ್ಟಿಗೆಯೊಳಗೆ ಸ್ಪಂಜು ನೆನೆಸಿಡುವ ಕಾಟವನ್ನೂ ಅವತ್ತೇ ಬಿಟ್ಟೆ. ಈಗ ಉಪ್ಪು ನೀರಿನದೇ ಪುಟ್ಟ ಪ್ಯಾಕೆಟ್ ಬರುತ್ತವೆ. ಮೇಲೆ 65, 69, 72 ಅಂತ ಬರೆದಿರುತ್ತದೆ. ಗಾಳಿ ಒಣಗಿದರೆ ತೇವ ಬಿಡುತ್ತವೆ, ಹೆಚ್ಚಾದರೆ ಹೀರುತ್ತವೆ. ಇಪ್ಪತ್ತೈದು ಸಿಗಾರ್‌ಗೆ 60 ಗ್ರಾಮಿನ ಒಂದು ಪ್ಯಾಕೆಟ್ ಸಾಕು. ಅಮೆರಿಕದ ಅಧ್ಯಕ್ಷ ಕೆನಡಿ 1962ರ ಫೆಬ್ರವರಿಯಲ್ಲಿ ಕ್ಯೂಬಾ ಮೇಲೆ ವ್ಯಾಪಾರ ನಿರ್ಬಂಧ ಹೇರುವ ಮುಂಚೆ, ತನ್ನ ಪತ್ರಿಕಾ ಕಾರ್ಯದರ್ಶಿಯನ್ನು ಅಟ್ಟಿ ರಾತ್ರೋರಾತ್ರಿ 1200 ಕ್ಯೂಬನ್ ಸಿಗಾರ್ ತರಿಸಿಕೊಂಡನಂತೆ. ಆಮೇಲೆ ಸಹಿ ಹಾಕಿದನಂತೆ. ಆ ಕಾರ್ಯದರ್ಶಿ ಸ್ಯಾಲಿಂಜರ್ ತಾನೇ ಹೇಳಿಕೊಂಡ ಕತೆ. ಕೇಳಿದವರೆಲ್ಲ ಅಧ್ಯಕ್ಷನ ಜಾಣತನಕ್ಕೆ ನಗುತ್ತಾರೆ. ನಾನು ಲೆಕ್ಕ ಹಾಕಿದೆ: ನಲವತ್ತೆಂಟು ಪ್ಯಾಕೆಟ್. ನನಗೆ ಎಂಟಕ್ಕೇ ಇಷ್ಟು ತಲೆನೋವು.

ಬೇಸಿಗೆಯಲ್ಲಿ ಇನ್ನೊಂದು ಕಾಟ. ಹೊಗೆಸೊಪ್ಪಿನ ಹುಳ. ಕಂದು ಬಣ್ಣದ ದುಂಡನೆಯ ಪುಟಾಣಿ ಜೀರುಂಡೆ, ಎರಡು-ಮೂರು ಮಿಲಿಮೀಟರ್ ಅಷ್ಟೇ. ಅದರ ಮೊಟ್ಟೆ ಎಲೆಯೊಳಗೇ ಅಡಗಿರಬಹುದು. ಶಾಖ 25 ಡಿಗ್ರಿ ದಾಟಿದರೆ ಹುಳ ಚುರುಕಾಗಿ, ಸಿಗಾರ್‌ನಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ತೂತು ಕೊರೆದು ಹೊರಗೆ ಬರುತ್ತದೆ. ಚಿತ್ರ ನೋಡಿದ ಕೂಡಲೇ ಇದನ್ನು ಎಲ್ಲೋ ಕಂಡಿದ್ದೇನಲ್ಲ ಅನ್ನಿಸಿತು. ಅಡುಗೆಮನೆಗೆ ಹೋಗಿ ಕೊತ್ತಂಬರಿ ಬೀಜದ ಡಬ್ಬಿ ತೆಗೆದೆ. ಅಲ್ಲಿತ್ತು. ಅರಿಶಿನದ ಕೊಂಬು, ಒಣಮೆಣಸಿನಕಾಯಿ, ಧನಿಯಾ, ಹೊಗೆಸೊಪ್ಪು, ಇದಕ್ಕೆ ಯಾವುದಾದರೂ ಆದೀತು. “ನಿಮ್ಮ ಪೆಟ್ಟಿಗೆಯಿಂದಲೇ ಬಂದಿದೆ” ಅಂದಳು ಹೆಂಡತಿ. “ನಿನ್ನ ಡಬ್ಬಿಯಿಂದ ನನ್ನ ಪೆಟ್ಟಿಗೆಗೆ ಬರದಿದ್ದರೆ ಸಾಕು” ಅಂದೆ. ಆ ವಾರ ಧನಿಯಾ ಬಿಸಿಲಿಗೆ ಹೋಯಿತು, ಸಿಗಾರ್‌ಗಳು ಜಿಪ್ ಕವರಿನಲ್ಲಿ ಫ್ರೀಜರಿಗೆ. ಒಂದು ದಿನ ಫ್ರಿಜ್ಜು, ಮೂರು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್ಜು. ಅವಸರಪಟ್ಟು ನೇರವಾಗಿ ಹೊರಗೆ ತೆಗೆದರೆ ಮೇಲಿನ ಎಲೆ ಬಿರುಕು ಬಿಡುತ್ತದೆ.

ಹುಣಸೂರಿನ ಕಡೆ ನಮ್ಮ ದೊಡ್ಡಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಅದು ಸಿಗರೇಟಿಗೆ ಹೋಗುವ ಸೊಪ್ಪು, ಸಿಗಾರಿನದಲ್ಲ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಒಣಗಿಸುವ ಬಿಸಿ ಮನೆಯಲ್ಲಿ, ಬೇಯಿಸಿದ ಸೊಪ್ಪು ಹಪ್ಪಳದ ಹಾಗೆ ಗರಿಗರಿ. ಮುಟ್ಟಿದರೆ ಪುಡಿ. ರಾತ್ರಿ ಬಾಗಿಲು ತೆರೆದು ಬಿಡುತ್ತಿದ್ದರು. ಬೆಳಗಿನ ಜಾವ ಹೋಗಿ ಒಂದು ಎಲೆ ಹಿಡಿದು ಮುಷ್ಟಿಯಲ್ಲಿ ಮೆಲ್ಲಗೆ ಹಿಚುಕಿ ಬಿಡುವರು. ಮುರಿಯದೆ, ಅಂಟದೆ ಹಾಗೇ ಬಿಚ್ಚಿಕೊಂಡರೆ “ಹದಕ್ಕೆ ಬಂತು, ಇಳಿಸ್ರಪ್ಪಾ” ಅನ್ನುವರು. ಅವರ ಬ್ಯಾರನ್‌ನಲ್ಲಿ ಶಾಖಕ್ಕೆ ಥರ್ಮಾಮೀಟರ್ ಇತ್ತು. ಹದಕ್ಕೆ ಇರಲಿಲ್ಲ. ಈಗ ನಾನೂ ಮೀಟರ್ ನೋಡಿದ ಮೇಲೆ ಒಂದು ಸಿಗಾರ್ ತೆಗೆದು ಎರಡು ಬೆರಳಲ್ಲಿ ಒತ್ತುತ್ತೇನೆ. ಒತ್ತಿದರೆ ತುಸು ತಗ್ಗಿ, ಬಿಟ್ಟರೆ ಏಳಬೇಕು. ಚರಚರ ಅಂದರೆ ಒಣಗಿದೆ, ಮೆತ್ತಗಿದ್ದರೆ ನೀರು ಜಾಸ್ತಿ. ಏಳೆಂಟು ತಿಂಗಳಾದ ಮೇಲೆ ಬೆರಳು ಹೇಳಿದ್ದೂ 7 ಕೂಡಿಸಿದ ಮೀಟರ್ ಹೇಳಿದ್ದೂ ಹೆಚ್ಚುಕಮ್ಮಿ ಒಂದೇ ಆಯಿತು.

ಮಂಗಳೂರಿನಲ್ಲಿರುವ ನಾದಿನಿಗೆ ಈ ಪುರಾಣವನ್ನೆಲ್ಲ ಹೇಳಿದರೆ ಅವಳು ನಕ್ಕಳು. “ಭಾವ, ಮಳೆಗಾಲದಲ್ಲಿ ನಮ್ಮ ಬೀರುವೇ ಹ್ಯುಮಿಡಾರ್. ನಿಮ್ಮ ತಮ್ಮನ ಬೆಲ್ಟಿಗೆಲ್ಲ ಬೂಷ್ಟು ಬಂದಿದೆ.” ಸಿಗಾರ್ ಮೇಲೆ ಬಿಳಿ ಕಂಡರೆ ಕೆಲವರು ಅದು ಬೂಷ್ಟಲ್ಲ, ಚೆನ್ನಾಗಿ ಮಾಗಿದ ಗುರುತು ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಹತ್ತಿಯ ಹಾಗೆ ಎದ್ದಿದ್ದರೆ ಅದು ಬೂಷ್ಟೇ. ನಿಜ ಹೇಳಬೇಕೆಂದರೆ ಹೊಸಬರಿಗೆ ಮರದ ಪೆಟ್ಟಿಗೆಯೇ ಬೇಕಾಗಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಪ್ಯಾಕೆಟ್, ಮುಗಿಯಿತು. ನನಗೆ ಇದು ಗೊತ್ತಾಗುವಷ್ಟರಲ್ಲಿ ಪೆಟ್ಟಿಗೆಗೆ ದುಡ್ಡು ಕೊಟ್ಟಾಗಿತ್ತು.

ಹೋದ ಗೌರಿ ಹಬ್ಬದ ಮಾರನೇ ದಿನ ಎಂದಿನಂತೆ ಮುಚ್ಚಳ ತೆಗೆದೆ. ಮೀಟರ್ 79. ಎದೆ ಧಸಕ್ಕೆಂದಿತು. ಸಿಗಾರ್‌ಗಳ ಪಕ್ಕ ಬಿಳಿ ಬಟ್ಟೆಯ ಒಂದು ಗಂಟು. ಬಿಚ್ಚಿದರೆ, ಬಾಗಿನ ಕೊಟ್ಟು ಉಳಿದ ವೀಳ್ಯದೆಲೆ.

“ತೇವ ಕಾಯೋ ಪೆಟ್ಟಿಗೆ ಅಂತ ನೀವೇ ಹೇಳಿದ್ದಲ್ವಾ?” ಅಡುಗೆಮನೆಯಿಂದ ಉತ್ತರ ಬಂತು, ನಾನು ಕೇಳುವ ಮುಂಚೆಯೇ.

ಎಲೆ ನಿನ್ನೆ ಕೊಯ್ದ ಹಾಗಿತ್ತು. ಊಟವಾದ ಮೇಲೆ ಅತ್ತೆ ಒಂದಕ್ಕೆ ಸುಣ್ಣ ಸವರಿ ಮಡಚಿ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಜಗಿದರು. “ಎಲ್ಲಿ ಎಲೆ ಇದು? ಏನೋ ಒಂಥರಾ ಘಮ ಇದೆಯಲ್ಲ. ಇನ್ನೆರಡು ಕೊಡಿ.” ನಾನು ಪೆಟ್ಟಿಗೆಯ ಹತ್ತಿರ ಹೋಗಿ, 79ಕ್ಕೆ 7 ಕೂಡಿಸುತ್ತಾ, ಎಣಿಸಿ ಎರಡು ಎಲೆ ತೆಗೆದುಕೊಟ್ಟೆ.