ಒಂದಕ್ಕೆ ಹನ್ನೆರಡು

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಕೊಡಗಿನ ಸೋಮವಾರಪೇಟೆ ಕಡೆಯ ಗ್ರಾಮ ಪಂಚಾಯಿತಿಯೊಂದರ ಜಗಲಿಯಲ್ಲಿ ಮಳೆ ಬಿಡಲೆಂದು ಕಾಯುತ್ತಿದ್ದಾಗ ಅಲ್ಲಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರ ಪರಿಚಯವಾಯಿತು. ಬಾಲ್ಯದಲ್ಲಿ ಪೋಲಿಯೊ ತಗುಲಿ ಎಡಗಾಲಿನ ಬಲ ಕಳೆದುಕೊಂಡ ಅವರು ಊರುಗೋಲಿನ ಆಸರೆಯಲ್ಲೇ ಪಂಚಾಯಿತಿಯ ಹಳ್ಳಿಗಳನ್ನೆಲ್ಲ ಸುತ್ತುತ್ತಾರೆ. ಯಾರ ಮಾಸಾಶನ ನಿಂತಿದೆ, ಯಾರ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಬಂದಿಲ್ಲ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿದೆ. ನಿಮ್ಮಂಥವರನ್ನು ಕಂಡರೆ ಸ್ಫೂರ್ತಿಯಾಗುತ್ತದೆ ಎಂದೆ. ಅವರು ನಕ್ಕು, "ಅದಿರಲಿ ಸಾರ್, ಆ ರ‍್ಯಾಂಪ್ ಒಮ್ಮೆ ನೋಡಿ" ಎಂದರು.

ಮೂರು ಅಡಿ ಎತ್ತರದ ಜಗಲಿಗೆ ಹತ್ತು ಅಡಿಯೂ ಉದ್ದವಿಲ್ಲದ ಇಳಿಜಾರು, ಅದಕ್ಕೆ ನುಣುಪಾದ ಟೈಲ್ಸ್, ಟೈಲ್ಸ್ ಮೇಲೆ ಹಸಿರು ಪಾಚಿ. ಒಂದು ಅಡಿ ಏರಬೇಕಾದರೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು ಎಂಬುದು ಗಾಲಿಕುರ್ಚಿಯ ಇಳಿಜಾರಿಗೆ ಇರುವ ಲೆಕ್ಕ. ಹಾಗಾದರೆ ಅಲ್ಲಿ 36 ಅಡಿ ಬೇಕಿತ್ತು. "ಇದನ್ನು ಕಟ್ಟಿದ ಮೇಲೂ ನಾನು ಮೆಟ್ಟಿಲನ್ನೇ ಹತ್ತುತ್ತೇನೆ, ಮೆಟ್ಟಿಲಾದರೆ ಕಾಲು ಜಾರುವುದಿಲ್ಲ" ಎಂದರು. ಸಮತಟ್ಟು ನೆಲವೇ ಅಪರೂಪವಾದ ನಮ್ಮ ಜಿಲ್ಲೆಯಲ್ಲಿ 36 ಅಡಿಯನ್ನು ಒಂದೇ ನೇರಕ್ಕೆ ಚಾಚಲಾಗದು. ನಡುವೆ ತಿರುವು ಕೊಡಬೇಕು, ತಿರುವಿನಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಸಮತಟ್ಟು ಜಾಗ ಬಿಡಬೇಕು, ನೆಲ ಒರಟಾಗಿರಬೇಕು, ಎರಡೂ ಬದಿಗೆ ಕೈಹಿಡಿ ಬೇಕು. ಇಷ್ಟೆಲ್ಲ ಹೇಳಿ ಅವರು ಸೇರಿಸಿದ ಇನ್ನೊಂದು ಮಾತು ಯಾವ ಎಂಜಿನಿಯರ ಬಾಯಿಂದಲೂ ನಾನು ಕೇಳಿರಲಿಲ್ಲ: ಕೊಡಗಿನಲ್ಲಿ ರ‍್ಯಾಂಪಿಗೂ ಒಂದು ಸೂರು ಬೇಕು.

ಕಾನೂನು ಇಲ್ಲವೆಂದಲ್ಲ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನಷ್ಟೇ ಗುರುತಿಸಿತ್ತು. ಅದರ ಜಾಗಕ್ಕೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಆದಿವಾಸಿ ಸಮುದಾಯಗಳನ್ನು ಹೆಚ್ಚಾಗಿ ಕಾಡುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯೂ ಆ ಪಟ್ಟಿಯಲ್ಲಿದೆ ಎಂಬುದನ್ನು ನಮ್ಮ ಹಾಡಿಗಳಲ್ಲಿ ಎಷ್ಟು ಮಂದಿಗೆ ಯಾರು ತಿಳಿಸಿದ್ದಾರೋ! ಕಟ್ಟಡಗಳ ವಿಷಯದಲ್ಲಂತೂ, ದೃಷ್ಟಿದೋಷವುಳ್ಳ ರಾಜೀವ್ ರತೂರಿಯವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ತೀರ್ಪು ನೀಡಿ, ಸುಗಮ ಪ್ರವೇಶದ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯುವುದು ಕಾಯ್ದೆಯ ಆಶಯಕ್ಕೆ ವಿರುದ್ಧವೆಂದೂ ಕಡ್ಡಾಯವಾದ ಕನಿಷ್ಠ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸಬೇಕೆಂದೂ ಹೇಳಿತು. ನಾನು ಕಂಡ ಆ ಹತ್ತು ಅಡಿಯ ರ‍್ಯಾಂಪ್ ಸಲಹೆಯ ಕಾಲದ ಕೂಸು. ಕಡತದಲ್ಲಿ ಕೆಲಸ ಮುಗಿದಿದೆ, ಫೋಟೊ ಕೂಡ ಇದೆ.

ಎರಡನೆಯ ಮಾತುಕತೆ ನಮ್ಮ ತೋಟದ್ದೇ, ಹೇಳಿಕೊಳ್ಳಲು ಸ್ವಲ್ಪ ಮುಜುಗರವಾಗುತ್ತದೆ. ಕಾರ್ಮಿಕರ ಲೈನ್ ಮನೆಯ ಒಬ್ಬ ತಾಯಿಗೆ ಬೌದ್ಧಿಕ ವೈಕಲ್ಯವುಳ್ಳ ಮಗನಿದ್ದಾನೆ. ಕಾಫಿ ಕೊಯ್ಲಿಗೆ ಅವನೂ ಬರುತ್ತಾನೆ. 'ಪಾಪ' ಎಂದುಕೊಂಡು ಅವನಿಗೆ ಅರ್ಧ ದಿನದ ಕೂಲಿ ಕೊಡುವುದನ್ನು ನಾವು ವರ್ಷಗಟ್ಟಲೆ ಉಪಕಾರವೆಂದೇ ಭಾವಿಸಿದ್ದೆವು. ಈ ಸಲ ಆಕೆ ಕಣಕ್ಕೆ ಬಂದು ನಿಂತು, "ಅವನಿಗೆ ದಿನಗೂಲಿ ಬೇಡ ಅಣ್ಣ, ಕೆ.ಜಿ. ಲೆಕ್ಕ ಹಾಕಿ. ತಕ್ಕಡಿಗೆ ಅವನು ಯಾರೆಂದು ಗೊತ್ತಾಗುವುದಿಲ್ಲ" ಎಂದರು. ಲೆಕ್ಕ ಹಾಕಿದೆವು. ಮೊದಲ ವಾರದಲ್ಲೇ ಅವನ ಗಳಿಕೆ ನಾವು ಕೊಡುತ್ತಿದ್ದ ಅರ್ಧ ಕೂಲಿಯನ್ನು ಮೀರಿತು. ಹಳೆಯ ವರ್ಷಗಳ ಬಾಕಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕೋ ನನಗಿನ್ನೂ ತಿಳಿದಿಲ್ಲ.

ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣನವರಿಗೆ 2024ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಪ್ರಶಸ್ತಿ ಸ್ವೀಕಾರದ ವಿಡಿಯೊ ಹಂಚಿಕೊಂಡು ಕಣ್ಣೊರೆಸಿಕೊಂಡೆವು. ಅವರು ರಾಜ್ಯದ ಅಂಗವಿಕಲರ ಆಯುಕ್ತರಾಗಿ ಕೆಲಸ ಮಾಡಿದವರು. ಆ ಹುದ್ದೆಯಲ್ಲಿರುವವರಿಗೆ ಯಾರು ಬೇಕಾದರೂ ದೂರು ಬರೆಯಬಹುದು. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಇಲಾಖೆ ಕ್ರಮ ಕೈಗೊಂಡು ಮೂರು ತಿಂಗಳೊಳಗೆ ತಿಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ವಿಡಿಯೊ ಹಂಚಿದವರಲ್ಲಿ, ನನ್ನನ್ನೂ ಸೇರಿಸಿ, ತಮ್ಮೂರಿನ ಒಂದು ಮೆಟ್ಟಿಲಿನ ಬಗ್ಗೆ ಒಂದು ಸಾಲು ಬರೆದು ಕಳಿಸಿದವರು ಎಷ್ಟು ಮಂದಿ? ಧೈರ್ಯವನ್ನು ಮೆಚ್ಚುವುದಕ್ಕೆ ಖರ್ಚಿಲ್ಲ, 36 ಅಡಿಗೆ ಸಿಮೆಂಟು ಬೇಕು. ಪಂಚಾಯಿತಿಗಳು ಶೇ 5ರಷ್ಟು ಹಣವನ್ನು ಅಂಗವಿಕಲರಿಗಾಗಿ ಬಳಸಬೇಕೆಂಬ ನಿಯಮವಿರುವಾಗ, ಆ ಹಣ ಎಲ್ಲಿಗೆ ಹೋಯಿತೆಂದು ಗ್ರಾಮಸಭೆಯಲ್ಲಿ ಕೇಳುವ ಕೆಲಸವನ್ನು ಗೌರವಧನಕ್ಕೆ ದುಡಿಯುವ ಆ ಒಬ್ಬ ಕಾರ್ಯಕರ್ತರ ತಲೆಗೇ ಕಟ್ಟುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಕಳೆದ ಭಾನುವಾರ ಅವರು ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುವ ಮೊದಲೇ ಚೀಲದಿಂದ ಅಳತೆಪಟ್ಟಿ ತೆಗೆದರು. ನಮ್ಮ ಜಗಲಿ ಎರಡೂವರೆ ಅಡಿ, ಎಂದರೆ 30 ಅಡಿಯ ಇಳಿಜಾರು. ಅಂಗಳ ಇರುವುದು 22 ಅಡಿ. ಕಾಫಿ ಕಣದ ಅಂಚಿನಲ್ಲಿ ಒಂದು ತಿರುವು ಕೊಡಬೇಕಾಗುತ್ತದೆ. ಮಳೆ ಬಿಟ್ಟ ಮೇಲೆ ಬರುತ್ತೇನೆಂದು ಮೇಸ್ತ್ರಿ ಹೇಳಿದ್ದಾರೆ.