ಮೌಸ್ ಮುಟ್ಟಬೇಡಿ, ಲೈನ್ ಸಿಕ್ಕಿದೆ

ನಿನ್ನೆ ಸಂಜೆ ಆರ್ಡುಯಿನೊ ಅನ್ನೋ ಒಂದು ಪುಟಾಣಿ ಎಲೆಕ್ಟ್ರಾನಿಕ್ ಬೋರ್ಡನ್ನು ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಿದ ಲ್ಯಾಪ್‌ಟಾಪಿಗೆ ಚುಚ್ಚಿದೆ. 'ಪರ್ಮಿಷನ್ ಡಿನೈಡ್' ಅಂತು. ನನ್ನದೇ ಲ್ಯಾಪ್‌ಟಾಪ್, ನಾನೇ ದುಡ್ಡು ಕೊಟ್ಟ ಬೋರ್ಡ್. ಆದರೂ ಅದರ ಜೊತೆ ಮಾತಾಡೋ ದಾರಿಯಾದ ಸೀರಿಯಲ್ ಪೋರ್ಟ್ ಮುಟ್ಟಲು, ಫೋನ್ ಡಯಲ್ ಮಾಡಿ ಇಂಟರ್ನೆಟ್ ಹಿಡಿಯುತ್ತಿದ್ದ ಕಾಲದ 'ಡಯಲ್‌ಔಟ್' ಅನ್ನೋ ಗುಂಪಿಗೆ ಸೇರಬೇಕಂತೆ. ಸೇರಿದರೂ ಸಾಲದು, ಮಡಿ ಉಟ್ಟು ಬಂದ ಹಾಗೆ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕು. ಡಯಲ್ ಮಾಡೋಕೆ ಮನೆಯಲ್ಲಿ ಲ್ಯಾಂಡ್‌ಲೈನೇ ಇಲ್ಲ ಸ್ವಾಮಿ!

ಹಳೇ ಸಿಟ್ಟೆಲ್ಲ ಮೇಲೆ ಬಂತು. ತೊಂಬತ್ತರ ದಶಕದಲ್ಲಿ ಲಿನಕ್ಸ್‌ಗೆ ಮೋಡೆಮ್ (ಫೋನ್ ಲೈನಿನಲ್ಲಿ ಇಂಟರ್ನೆಟ್ ತರೋ ಸಾಧನ) ಹೊಂದಿಸಿದವರಿಗೆ ಇದು ಗೊತ್ತು. ಡಾಸ್‌ನ ಕಾಮ್3 ಅನ್ನೋ ಸೀರಿಯಲ್ ಪೋರ್ಟ್ ಇಲ್ಲಿ ಟಿಟಿವೈಎಸ್2, ಯಾಕಂದರೆ ಇಲ್ಲಿ ಎಣಿಕೆ ಸೊನ್ನೆಯಿಂದ. ಡಯಲ್ ಟೋನ್ ಕೇಳಿಸ್ತಿಲ್ಲ ಅಂತ ಮೋಡೆಮ್ ಹಟ ಹಿಡಿದರೆ ಎಟಿಎಕ್ಸ್3 ಅನ್ನೋ ಆಜ್ಞೆ ಕೊಟ್ಟು 'ಕೇಳಿಸದಿದ್ರೂ ಡಯಲ್ ಮಾಡಪ್ಪಾ' ಅನ್ನಬೇಕು. ಅದೆಲ್ಲ ಹೋಗಲಿ. ನಿಜವಾದ ಕಾಟ ಐಆರ್‌ಕ್ಯೂದು, ಅಂದರೆ ಸಾಧನಗಳು ಪ್ರೊಸೆಸರನ್ನು ಕರೆಯೋಕೆ ಬಾರಿಸೋ ಗಂಟೆಯ ನಂಬರಿನದು. ಕಾಮ್1 ಮತ್ತು ಕಾಮ್3, ಎರಡಕ್ಕೂ ಒಂದೇ ಐಆರ್‌ಕ್ಯೂ, 4. ನಮ್ಮಲ್ಲಿ ಮೊದಲನೆಯದರಲ್ಲಿ ಮೌಸ್, ಇನ್ನೊಂದರಲ್ಲಿ ಮೋಡೆಮ್ ಕಾರ್ಡ್. ಮೌಸ್ ಅಲ್ಲಾಡಿದರೆ ಮೋಡೆಮ್ ಕೆಲಸ ಬಿಟ್ಟು ಕೂರುತ್ತಿತ್ತು.

ಹಾಗಾಗಿ ಲೈನ್ ಸಿಕ್ಕಾಗ ಯಾರೂ ಮೌಸ್ ಮುಟ್ಟಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಅಮ್ಮ ಆ ರೂಮಿನ ಕಸ ಗುಡಿಸೋದನ್ನೂ ಮುಂದೂಡುತ್ತಿದ್ದರು. ಅಪ್ಪನಿಗೆ ಮಾತ್ರ ಒಂದು ಚಟ. ನೆಂಟರಿರಲಿ, ಗ್ಯಾಸ್ ತಂದವನಿರಲಿ, "ಬನ್ನಿ, ಕಂಪ್ಯೂಟರ್ ತೋರಿಸ್ತೀನಿ" ಅಂತ ಕರೆತರುತ್ತಿದ್ದರು. ಅವರ ಮಟ್ಟಿಗೆ ಕಂಪ್ಯೂಟರ್ ಅಂದರೆ ಮೌಸ್. "ನೋಡಿ, ಇಲ್ಲಿ ಕೈ ಆಡಿಸಿದ್ರೆ ಅಲ್ಲಿ ಬಾಣ ಓಡುತ್ತೆ!" ಅಷ್ಟು ಹೊತ್ತು ಕಾದು ಸಿಕ್ಕ ಲೈನ್ ಅಲ್ಲೇ ಖಲಾಸ್. ಬಂದವರು ಸುಮ್ನೆ ಇರುತ್ತಾರಾ? "ಎಲ್ಲಿ, ಇನ್ನೊಂದ್ಸಲ?" ಅಪ್ಪ ಇನ್ನೊಂದು ಸಲ ಆಡಿಸುತ್ತಿದ್ದರು, ಈ ಸಲ ಗುಂಡಗೆ. ನಾನು ಮೌಸಿಗೆ ಟವೆಲ್ ಮುಚ್ಚಿಟ್ಟೆ. ಟವೆಲ್ ಸರಿಸಿ ತೋರಿಸೋದು ಅವರಿಗೆ ಇನ್ನೂ ಜಾಸ್ತಿ ಇಷ್ಟವಾಯಿತು.

ಈಗ ಕಂಪ್ಯೂಟರ್ ನೋಡೋಕೆ ಯಾರೂ ಬರೋದಿಲ್ಲ. ತೋರಿಸೋಕೆ ಅಪ್ಪನೂ ಇಲ್ಲ.

ಆಗ ಕೊನೆಗೆ ಮೋಡೆಮ್ ಕಾರ್ಡಿನ ಜಂಪರ್ (ಸೆಟ್ಟಿಂಗ್ ಬದಲಿಸೋ ಪುಟ್ಟ ಕ್ಲಿಪ್ಪು) ಕಿತ್ತು ಐಆರ್‌ಕ್ಯೂ 5ಕ್ಕೆ ಹಾಕಿ, ಸೆಟ್‌ಸೀರಿಯಲ್ ಅನ್ನೋ ಲಿನಕ್ಸ್ ಆಜ್ಞೆಗೂ ಹಾಗೇ ಹೇಳಿದ್ದಾಯಿತು. ಮೋಡೆಮ್ ಸಲೀಸಾಗಿ ಓಡಿತು. ಆದರೆ 5ರಲ್ಲಿ ಮೊದಲೇ ಸೌಂಡ್ ಕಾರ್ಡ್ ಠಿಕಾಣಿ ಹೂಡಿತ್ತು. ಬೆಳಿಗ್ಗೆ ಅಪ್ಪನ ಎಂಪಿ3 ಭಜನೆ ಹಾಡಲೇ ಇಲ್ಲ.

"ಮೌಸ್ ಮುಟ್ಟಬೇಡಿ ಅಂದೆ, ಸರಿ. ಭಜನೆ ನಿಂಗೇನು ಮಾಡಿತ್ತೋ?"