ಗ್ರಂಥಾಲಯದ ನವೀಕರಣವೂ ಹಲಸಿನ ಮೇಜೂ

ಹಾಸನದ ಹಳೆಯ ಬಡಾವಣೆಯೊಂದರಲ್ಲಿ, ಮಂಗಳೂರು ಹೆಂಚಿನ ಮನೆಯೊಂದರ ಎರಡು ಕೋಣೆಗಳಲ್ಲಿ ನಡೆಯುತ್ತಿರುವ ಸ್ಥಳೀಯ ಇತಿಹಾಸ ಕೇಂದ್ರಕ್ಕೆ ನಾನು ಮೇಷ್ಟರ ಕೆಲಸದಿಂದ ನಿವೃತ್ತನಾದ ತಿಂಗಳಿನಿಂದ, ಅಂದರೆ 11 ವರ್ಷಗಳಿಂದ, ಭಾನುವಾರ ತಪ್ಪಿಸದೆ ಹೋಗಿಬರುತ್ತಿದ್ದೇನೆ. ಅದರ ಗ್ರಂಥಾಲಯ ಈ ಬೇಸಿಗೆಯಿಂದ ನವೀಕರಣಗೊಳ್ಳುತ್ತಿದೆ. ದಾನಿಗಳು ಕೈಬಿಚ್ಚಿ ಕೊಟ್ಟಿದ್ದಾರೆ, ಸಮಿತಿಯವರು ಮನೆಗೆಲಸ ಬಿಟ್ಟು ಓಡಾಡುತ್ತಿದ್ದಾರೆ. ಇಬ್ಬರ ಮೇಲೂ ನನಗೆ ಗೌರವವಿದೆ. ಆದರೂ ಕೆಲಸ ಸಾಗುತ್ತಿರುವ ರೀತಿಗೆ ನನ್ನ ಆಕ್ಷೇಪವಿದೆ, ಮತ್ತು ಸಮಿತಿಗೆ ಕೊಟ್ಟ ಒಂದು ಪುಟದ ಪತ್ರದಲ್ಲಿ ಅದನ್ನು ಪೂರ್ತಿ ಹೇಳಲು ಆಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬಲ್ಲವರು ಬಲ್ಲರು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಸೂರು ಸೋರುತ್ತಿತ್ತು. ಜುಲೈ ತಿಂಗಳ ಜಡಿಮಳೆಯಲ್ಲಿ ಶಾಸನ ಸಂಪುಟಗಳ ಬೀರುವಿನ ಮೇಲೆ ನಾವು ಪ್ಲಾಸ್ಟಿಕ್ ಬಕೆಟ್ ಇಟ್ಟು, ಅದು ತುಂಬಿದಾಗ ಸರದಿಯ ಮೇಲೆ ಚೆಲ್ಲಿಬರುತ್ತಿದ್ದೆವು. ಹಿಂಗೋಡೆಯಲ್ಲಿ ಗೆದ್ದಲು ಒಮ್ಮೆ ಎದ್ದು, ಕೆಳಗಿನ ಎರಡು ಸಾಲು ಪುಸ್ತಕಗಳನ್ನು ಬೆನ್ನಿನ ಕಡೆಯಿಂದ ತಿಂದುಹಾಕಿತ್ತು. ಮುಂದಿನಿಂದ ನೋಡಿದರೆ ಸಾಲು ನೆಟ್ಟಗೇ ನಿಂತಿತ್ತು, ಒಂದನ್ನು ಎಳೆದಾಗ ಮಣ್ಣು ಉದುರಿತು. ಹೆಂಚು ತೆಗೆದು ರೀಪು ಬದಲಿಸಿದ್ದು, ಗೋಡೆಯ ಬುಡಕ್ಕೆ ಗೆದ್ದಲು ಮದ್ದು ಹಾಕಿಸಿದ್ದು, ಹಳೆಯ ವೈರಿಂಗ್ ಕಿತ್ತು ಹೊಸದು ಎಳೆಸಿದ್ದು, ಇವೆಲ್ಲ ಹತ್ತು ವರ್ಷ ಮೊದಲೇ ಆಗಬೇಕಾಗಿದ್ದ ಕೆಲಸಗಳು.

ತಕರಾರು ಶುರುವಾದದ್ದು ಪುಸ್ತಕಗಳನ್ನು ಹೊರಗೆ ಸಾಗಿಸುವಾಗ. ಯಾವುದು ಮರಳಿ ಬರಬೇಕು, ಯಾವುದು ಬರಬಾರದು ಎಂಬ ತೀರ್ಮಾನವನ್ನು ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಲಾಯಿತು. ರಟ್ಟು ಗಟ್ಟಿಯಾಗಿರುವ ಪುಸ್ತಕಗಳು ಪೆಟ್ಟಿಗೆಗೆ ಹೋದವು; ಬಿಡಿ ಹಾಳೆ, ಹರಿದ ಹೊದಿಕೆ, ತೆಳ್ಳಗಿನ ಕಿರುಹೊತ್ತಗೆಗಳು ಗೋಣಿಚೀಲಕ್ಕೆ ಹೋದವು. ಚೀಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ‘ರದ್ದಿ’ ಎಂದು ಬರೆದಿತ್ತು. ಅಂಥ ಏಳು ಚೀಲಗಳನ್ನು ಗ್ರಂಥಪಾಲಕಿಯಾದ ಹುಡುಗಿಯೂ ನಾನೂ ಆಟೋದಲ್ಲಿ ನಮ್ಮ ಮನೆಗೆ ಸಾಗಿಸಿದೆವು. ಅವು ಈಗ ನಮ್ಮ ನಡುಮನೆಯಲ್ಲಿವೆ, ಮತ್ತು ಮನೆಯವರ ಸಹನೆ ಮುಗಿಯುತ್ತಾ ಬಂದಿದೆ.

ಆ ಚೀಲಗಳಲ್ಲಿ ಏನಿದೆ ಎಂಬುದನ್ನು ಹೇಳದೆ ನನ್ನ ಮಾತು ಅರ್ಥವಾಗುವುದಿಲ್ಲ. ಹಳ್ಳಿಯ ಶಾಲೆಗಳ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳಿವೆ. ಅವುಗಳ ಕೊನೆಯ ಪುಟಗಳಲ್ಲಿ ದಾನ ಕೊಟ್ಟವರ ಪಟ್ಟಿಯ ಜೊತೆಗೆ ಯಾವ ಬೀದಿಯಲ್ಲಿ ಯಾರ ಅಂಗಡಿ ಇತ್ತು ಎಂಬುದಕ್ಕೆ ಜಾಹೀರಾತುಗಳ ಸಾಕ್ಷಿಯಿದೆ. ಸಹಕಾರ ಸಂಘಗಳ ವಾರ್ಷಿಕ ವರದಿಗಳಿವೆ. ಜಾತ್ರೆಯ ಕರಪತ್ರಗಳಿವೆ, ದನಗಳ ಪರಿಷೆಯ ನೋಟೀಸುಗಳಿವೆ, ನಾಟಕದ ಹ್ಯಾಂಡ್‌ಬಿಲ್‌ಗಳಿವೆ, ಮೂರು ತಲೆಮಾರಿನ ಮದುವೆ ಕರೆಯೋಲೆಗಳಿವೆ. ಆಲೂಗೆಡ್ಡೆಯ ಧಾರಣೆ ಚೀಟಿಗಳ ಒಂದು ಕಟ್ಟು ಇದೆ. ಹೊರಗಿನವರು ಇದನ್ನು ಓದಿ ನಗಬಹುದು, ಆದರೆ ಹಾಸನದ ರೈತ ನಗುವುದಿಲ್ಲ. ಜಲಂಧರದಿಂದ ಬಿತ್ತನೆ ಗೆಡ್ಡೆ ಲಾರಿಗಳಲ್ಲಿ ಬಂದು ಇಲ್ಲಿನ ಎಪಿಎಂಸಿ ಅಂಗಳದಲ್ಲಿ ಮಾರಾಟವಾಗುವುದು, ಮುಂಗಾರಿನ ಮೊದಲ ಹದಕ್ಕೆ ಅದನ್ನು ನೆಡುವುದು, ಅಂಗಮಾರಿ ರೋಗ ಬಂದ ವರ್ಷ ಹೊಲ ಕಪ್ಪಾಗಿ ಬಿತ್ತನೆಯ ಸಾಲ ಮನೆ ಬಾಗಿಲಿಗೆ ಬರುವುದು, ಕೊನೆಗೆ ಆಲೂಗೆಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ತಿರುಗುವುದು, ಈ ಜಿಲ್ಲೆಯ ಎಷ್ಟೋ ಮನೆಗಳ ಚರಿತ್ರೆ ಇಷ್ಟೇ. ಇದನ್ನು ಮುಂದೆ ಯಾರಾದರೂ ಬರೆಯಬೇಕೆಂದರೆ ಅವರಿಗೆ ಬೇಕಾಗುವುದು ಆ ಚೀಟಿಗಳು.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು ಎಂಬುದನ್ನು ತಿಳಿಯಲು ಯಾರೂ ನಮ್ಮ ಕೇಂದ್ರಕ್ಕೆ ಬರಬೇಕಾಗಿಲ್ಲ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಹೊಯ್ಸಳರ ಬಗ್ಗೆ ಬಣ್ಣದ ಪುಸ್ತಕಗಳಿಗೆ ಬರವಿಲ್ಲ. ಪೆಟ್ಟಿಗೆಗೆ ಹೋದ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಬೆಂಗಳೂರಿನಲ್ಲಿ ಸಿಗುತ್ತವೆ, ಮೈಸೂರಿನಲ್ಲಿ ಸಿಗುತ್ತವೆ, ಕೆಲವು ಫೋನಿನಲ್ಲೇ ಸಿಗುತ್ತವೆ. ಬೇರೆಲ್ಲೂ ಸಿಗದ್ದು ಗೋಣಿಚೀಲಕ್ಕೆ ಹೋಯಿತು. ಊರಿನ ಇತಿಹಾಸದ ಗ್ರಂಥಾಲಯ ಮೊದಲು ಕಾಯಬೇಕಾದದ್ದು ತನ್ನಲ್ಲಿ ಮಾತ್ರ ಇರುವುದನ್ನು. ಉಳಿದದ್ದಕ್ಕೆ ಜಾಗವಿದ್ದರೆ ಇಡೋಣ. ನನ್ನ ವಾದದ ತಿರುಳು ಇದೇ.

ಕಣ್ಣೆದುರಿಗೆ ಇದ್ದದ್ದನ್ನು ಕಾಣದೆ ಹೋಗುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಸಂಪುಟವಾಗಿ ತಂದಾಗ ಅದರಲ್ಲಿದ್ದ ಶಾಸನಗಳು 144. ಅದೇ ಬೆಟ್ಟಗಳನ್ನು ಆರ್. ನರಸಿಂಹಾಚಾರ್ಯರು ಮತ್ತೆ ಹತ್ತಿ ಇಳಿದು 1923ರಲ್ಲಿ ಪರಿಷ್ಕೃತ ಸಂಪುಟ ತಂದಾಗ ಅವು 500 ಆದವು. ಆ 34 ವರ್ಷಗಳಲ್ಲಿ ಯಾರೂ ಬಂದು ಬಂಡೆಯ ಮೇಲೆ ಹೊಸದಾಗಿ ಕೆತ್ತಿರಲಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲೂ ಹಾಗೆಯೇ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತರುವವರೆಗೆ ಅದು ಊರಿನವರ ಪಾಲಿಗೆ ಒಂದು ಕಲ್ಲು. ಸುಮಾರು ಕ್ರಿ.ಶ. 450ರ ಆ ಶಾಸನದಲ್ಲಿ ವಿಜಅರಸನೆಂಬ ವೀರನಿಗೆ ಕೊಟ್ಟ ಊರಿನ ಹೆಸರು ‘ಪಲ್ಮಿಡಿ’ ಎಂದಿದೆ. ಪಕಾರ ಹಕಾರವಾದದ್ದು ಬಿಟ್ಟರೆ ಊರು ಹದಿನೈದು ಶತಮಾನಗಳಿಂದ ಅದೇ ಹೆಸರಿನಲ್ಲಿ ಕೂಗಿಸಿಕೊಳ್ಳುತ್ತಿದೆ. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿರುವುದು ಅದರ ಪ್ರತಿಕೃತಿ. ಅದನ್ನು ಕಂಡ ಕಣ್ಣು ‘ಹಳೆಯ ಕಲ್ಲು, ಚಪ್ಪಡಿಗೆ ಆದೀತು’ ಎಂದುಕೊಂಡಿದ್ದರೆ ಇಷ್ಟೂ ಇರುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಬರೆಯಲು ಕೈ ಹಿಂಜರಿಯುತ್ತದೆ, ಯಾಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ. ಕೇಂದ್ರಕ್ಕೆ ಶಾನುಭೋಗರ ವಂಶದವರೊಬ್ಬರು ಕೆಲವು ವರ್ಷಗಳ ಹಿಂದೆ ಒಂದು ಕಡತ ಕೊಟ್ಟಿದ್ದರು. ಕಡತವೆಂದರೆ ಇಂದಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯನ್ನು ಇದ್ದಿಲಿನ ಪುಡಿಯೊಂದಿಗೆ ಬಳಿದು ಒಣಗಿಸಿ, ಹಲಗೆಯಂತೆ ಬಿರುಸು ಮಾಡಿ, ಒಂದರ ಮೇಲೊಂದು ಮಡಿಕೆ ಬರುವಂತೆ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ಶೃಂಗೇರಿ ಮಠದ ಕಡತಗಳ ವಿಷಯ ಇತಿಹಾಸದವರಿಗೆಲ್ಲ ಗೊತ್ತು. ನಮ್ಮದು ಅಷ್ಟು ದೊಡ್ಡದೇನಲ್ಲ, ಒಂದು ಊರಿನ ಕಂದಾಯದ ಲೆಕ್ಕ. ಕಪ್ಪು ಮೈಮೇಲೆ ಬಿಳಿಯ ಅಕ್ಷರ, ಬೆರಳು ತಾಗಿದರೆ ಬೆರಳಿಗೇ ಹತ್ತುತ್ತದೆ. ಸಾಮಾನು ಸಾಗಿಸುವ ದಿನ ಧೂಳು ಒರೆಸಲು ಬಂದ ಹೆಂಗಸು, ಪಾಪ, ಅದನ್ನು ಮಕ್ಕಳ ಹಳೆಯ ಸ್ಲೇಟೆಂದು ತಿಳಿದು ಒದ್ದೆ ಬಟ್ಟೆಯಲ್ಲಿ ಒಂದು ಮಡಿಕೆಯನ್ನು ಚೊಕ್ಕಟವಾಗಿ ಒರೆಸಿ ಬಿಸಿಲಿಗೆ ಇಟ್ಟಳು. ಬಳಪದ ಬರಹ ಒರೆಸಿದರೆ ಹೋಗಬೇಕೆಂದೇ ಇರುವುದು. ಹಿಂದಿನವರೂ ಒರೆಸಿ ಮತ್ತೆ ಬರೆಯುತ್ತಿದ್ದರು. ನಾನು ಆಗ ವರಾಂಡದಲ್ಲಿ ಕಾಫಿ ಕುಡಿಯುತ್ತ ಇನ್ನೊಬ್ಬರೊಂದಿಗೆ ಫಾಲ್ಸ್ ಸೀಲಿಂಗಿನ ವಿಷಯ ವಾದಿಸುತ್ತಿದ್ದೆ. ಆಕೆಯನ್ನು ದೂರುವಂತಿಲ್ಲ. ಕಡತದ ಮೇಲೆ ಒಂದು ಚೀಟಿ ಇರಲಿಲ್ಲ, ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ, ಹೆಸರಿಲ್ಲದ್ದು ಯಾರ ಕೈಯಲ್ಲಾದರೂ ಕಸವೇ.

ಪಟ್ಟಿ ಇಲ್ಲವೆಂದಲ್ಲ, ಒಂದು ಇತ್ತು. ಯೂನಿಕೋಡ್ ಬಳಕೆಗೆ ಬರುವ ಮೊದಲು ಯಾರೋ ಪುಣ್ಯಾತ್ಮರು ಅರ್ಧ ಸಂಗ್ರಹವನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ಈಗಿನ ಫೋನಿನಲ್ಲಿ ತೆರೆದರೆ ಅದು ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಒರಳಿಗೆ ಹಾಕಿ ರುಬ್ಬಿದಂತೆ ಕಾಣುತ್ತದೆ. ಅದನ್ನು ಪರಿವರ್ತಿಸುವ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತದೆ. ಒಬ್ಬರು ಕುಳಿತು ಒತ್ತು, ಅರ್ಕಾವೊತ್ತು ತಿದ್ದಿದರೆ ಕೆಲವೇ ವಾರಗಳ ಕೆಲಸ. ನವೀಕರಣದ ಅಂದಾಜಿನಲ್ಲಿ ಆರು ಹೊಸ ಕಂಪ್ಯೂಟರುಗಳಿಗೆ ಹಣ ಇದೆ, ಈ ಕೆಲಸಕ್ಕೆ ಒಂದು ಸಾಲೂ ಇಲ್ಲ.

ಅದೇ ಅಂದಾಜಿನಲ್ಲಿರುವ ಹವಾನಿಯಂತ್ರಣ, ಫಾಲ್ಸ್ ಸೀಲಿಂಗುಗಳ ಬಗ್ಗೆಯೂ ಒಂದು ಮಾತು. ಗಾಳಿಯ ತೇವ ಶೇ. 65 ದಾಟಿ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಎಸಿ ಹಾಕಿ ಸಂಜೆ ಐದಕ್ಕೆ ಆರಿಸಿ ಬೀಗ ಹಾಕುವ ಕೋಣೆಯಲ್ಲಿ ಕಾಗದ ದಿನವೂ ಹಿಗ್ಗಿ ಕುಗ್ಗಿ ಬೇಗ ಸೋಲುತ್ತದೆ. ಎದುರುಬದುರು ಕಿಟಕಿ, ಸೊಳ್ಳೆಪರದೆ, ಗೋಡೆಯಿಂದ ಅರ್ಧ ಅಡಿ ಬಿಟ್ಟು ನಿಲ್ಲಿಸಿದ ರ‍್ಯಾಕು, ಹುಳು ಹಿಡಿಯದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದನ್ನು ಮರೆಯದ ಬೈಂಡರು, ಇಷ್ಟಿದ್ದರೆ ನಮ್ಮ ಹವೆಗೆ ಸಾಕು. ಫಾಲ್ಸ್ ಸೀಲಿಂಗ್ ಹಾಕಿದರೆ ಹೆಂಚು ಎಲ್ಲಿ ಸೋರುತ್ತಿದೆ ಎಂಬುದು ಕಾಣುವುದಿಲ್ಲ, ಇಲಿಗಳಿಗೆ ಮಾತ್ರ ಮಹಡಿ ಮನೆ ಸಿಗುತ್ತದೆ. (ನಾವು ಮನೆ ಕಂದಾಯದ ಜೊತೆ ಶೇ. 6ರ ಗ್ರಂಥಾಲಯ ಕರ ಕಟ್ಟುತ್ತೇವೆ, ಅದರಲ್ಲಿ ನಮಗೇನೂ ಬರುವುದಿಲ್ಲವೇ ಎಂದು ಒಬ್ಬರು ಕೇಳಿದರು. ಅದು ಸಾರ್ವಜನಿಕ ಗ್ರಂಥಾಲಯಗಳಿಗೆ ಸೇರಿದ್ದು. ನಮ್ಮಂಥ ಖಾಸಗಿ ಕೇಂದ್ರಕ್ಕೆ ದಾನವೇ ಗತಿ, ಆದ್ದರಿಂದಲೇ ಪ್ರತಿ ರೂಪಾಯಿಯ ಲೆಕ್ಕ ಕೇಳುತ್ತಿದ್ದೇನೆ.)

ಈಗ ಮೇಜಿನ ವಿಷಯಕ್ಕೆ ಬರುತ್ತೇನೆ. ಗ್ರಂಥಾಲಯದ ನಡುವೆ 12 ಅಡಿ ಉದ್ದದ ಹಲಸಿನ ಮೇಜು ಇತ್ತು. ಭಾನುವಾರ ಬೆಳಿಗ್ಗೆ ಅದರ ಸುತ್ತ ಜನ ಸೇರುತ್ತಿದ್ದರು. ಒಂದು ವಾರ ಮನೆಮನೆಯ ಹಳೆಯ ಫೋಟೊ ಹರಡಿಕೊಂಡು ಯಾರು, ಎಲ್ಲಿ, ಯಾವಾಗ ಎಂದು ಗುರುತಿಸುವುದು. ಇನ್ನೊಂದು ವಾರ ಹಳ್ಳಿಯ ಹೊಲದಲ್ಲಿ ಕಂಡ ವೀರಗಲ್ಲಿನದೋ ಮಾಸ್ತಿಕಲ್ಲಿನದೋ ಚಿತ್ರ ತಂದು ಚರ್ಚಿಸುವುದು. ರಜೆಯಲ್ಲಿ ಮಕ್ಕಳಿಗೆ ಶಾಸನದ ಪಡಿಯಚ್ಚು ತೆಗೆಯಲು ಕಲಿಸುತ್ತಿದ್ದೆವು. ಕಲ್ಲನ್ನು ತೆಂಗಿನ ನಾರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಂಡಿಗೆ ಇಳಿಯುವಂತೆ ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಒತ್ತಿದಾಗ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆ ಕ್ಷಣದಲ್ಲಿ ಮಕ್ಕಳು ಹಾಕುವ ಕೂಗನ್ನು ನಾನು ಮೂವತ್ತು ವರ್ಷದ ಪಾಠದಲ್ಲಿ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಒಂದು ಭಾನುವಾರದ್ದನ್ನು ಹೇಳುತ್ತೇನೆ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿದ ಮೇಲೆ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಪೈಕಿ ಜನರಿಗೆ ಗೊತ್ತಿರುವುದು ಶೆಟ್ಟಿಹಳ್ಳಿಯ ಚರ್ಚು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅದರ ಗೋಡೆಗಳು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದರಿಂದ ಫೋಟೊ ತೆಗೆಯುವವರಿಗೆ ಅದು ಪ್ರಿಯ. ಉಳಿದ ಊರುಗಳಿಗೆ ಎದ್ದು ನಿಲ್ಲಲು ಗೋಡೆಯೂ ಇಲ್ಲ. ನಮ್ಮ ಸಂಗ್ರಹದಲ್ಲಿದ್ದ ಒಂದು ಫೋಟೊದಲ್ಲಿ ಬಾವಿಕಟ್ಟೆಯ ಬಳಿ ಎಂಟು ಜನ ನಿಂತಿದ್ದರು, ಹಿಂದೆ ಏನೂ ಬರೆದಿರಲಿಲ್ಲ. ಮೊಮ್ಮಗನೊಂದಿಗೆ ಬಂದಿದ್ದ ಅಜ್ಜಿಯೊಬ್ಬರು ಅದನ್ನು ಕಣ್ಣಿನ ಹತ್ತಿರ ಹಿಡಿದು ಜನರನ್ನು ನೋಡಲೇ ಇಲ್ಲ. “ಈ ರಾಟೆ ನಮ್ಮೂರದು ಕಣಪ್ಪ. ಒಂದು ಹಲ್ಲು ಮುರಿದಿತ್ತು, ನೋಡಿಲ್ಲಿ. ನೀರು ಸೇದುವಾಗ ಹಗ್ಗ ಅಲ್ಲೇ ಜಾರ್ತಿತ್ತು” ಎಂದರು. ಊರು ತಿಳಿದ ಮೇಲೆ ಜನರೂ ತಿಳಿದರು. ಮುಂದಿನ ಎರಡು ಭಾನುವಾರಗಳಲ್ಲಿ ಎಂಟರಲ್ಲಿ ಆರು ಹೆಸರು ಸಿಕ್ಕವು. ಆ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ನಮ್ಮ ಗ್ರಂಥಾಲಯದ ಪಟ್ಟಿಗೆ ಅತ್ಯುತ್ತಮವಾದ ಒಂದು ನಮೂದನ್ನು ಅವರು ಕೊಟ್ಟರು.

ಹೊಸ ನಕ್ಷೆಯಲ್ಲಿ ಈ ಮೇಜಿಗೆ ಜಾಗವಿಲ್ಲ. ಒಳಗೆ ಗಾಜಿನ ಬಾಗಿಲಿನ ಬೀರುಗಳು, ಒಬ್ಬೊಬ್ಬರೇ ಕೂರುವ ಕಂಪ್ಯೂಟರ್ ಗೂಡುಗಳು. ‘ಸಮುದಾಯ ಚಟುವಟಿಕೆ’ಗೆ ಹಿತ್ತಲಿನಲ್ಲಿ ವೇದಿಕೆ, ಮೈಕು, 100 ಕುರ್ಚಿಯ ಸಭಾಂಗಣ. ವೇದಿಕೆ ಬಂದ ಮೇಲೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಪೇಟ, ತಡವಾಗಿ ಬಂದ ಅತಿಥಿ, ವಂದನಾರ್ಪಣೆ. ಆ ಅಜ್ಜಿ ನೂರು ಕುರ್ಚಿಗಳ ಕೊನೆಯ ಸಾಲಿನಲ್ಲಿ ಕುಳಿತು ಊಟದ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಫೋಟೊ ಬೀರುವಿನಲ್ಲಿ, ಫೋಟೊ ಬಲ್ಲವರು ಸಭಾಂಗಣದಲ್ಲಿ, ನಡುವೆ ಬೀಗ ಹಾಕಿದ ಗಾಜು ಎಂದಾದರೆ ಕೇಂದ್ರದ ಎರಡು ಕೆಲಸಗಳೂ ಕೆಡುತ್ತವೆ. ಪುಸ್ತಕ ಕಾಯುವುದು ಬೇರೆ, ಜನರನ್ನು ಸೇರಿಸುವುದು ಬೇರೆ ಎಂದು ಸಮಿತಿ ತಿಳಿದಂತಿದೆ. ಇಷ್ಟು ವರ್ಷ ಅವೆರಡೂ ಆ ಮೇಜಿನ ಮೇಲೆ ಒಂದೇ ಕೆಲಸವಾಗಿ ನಡೆದಿವೆ.

ಸಮಿತಿಯ ಸಭೆ ಬರುವ ಶನಿವಾರ ಸಂಜೆ ಇದೆ. ಏಳು ಚೀಲಗಳನ್ನು ಮರಳಿ ಒಳಗೆ ತೆಗೆದುಕೊಂಡು, ಪ್ರತಿಯೊಂದು ಹಾಳೆಗೂ ಸಂಖ್ಯೆ ಹಾಕಿ ನಮೂದಿಸುವವರೆಗೆ ಯಾವುದನ್ನೂ ವಿಲೇವಾರಿ ಮಾಡಬಾರದೆಂದೂ, ಎಸಿ ಮತ್ತು ಸೀಲಿಂಗಿನ ಹಣವನ್ನು ಪಟ್ಟಿ ತಯಾರಿಸುವವರ ಎರಡು ವರ್ಷದ ಸಂಬಳಕ್ಕೆ ತಿರುಗಿಸಬೇಕೆಂದೂ ಕೇಳಲಿದ್ದೇನೆ. ಸಭಾಂಗಣ ಬೇಕಿದ್ದರೆ ಕಟ್ಟಿಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಗ್ರಂಥಪಾಲಕಿ ತಾನಾಗಿಯೇ ಕೆಲಸ ಶುರುಮಾಡಿಬಿಟ್ಟಿದ್ದಾಳೆ. ಹೊಸ ರಿಜಿಸ್ಟರಿನ ಮೊದಲನೆಯ ನಮೂದು ಆ ಕಡತದ್ದೇ, ಮತ್ತು ಷರಾ ಕಾಲಮ್ಮಿನಲ್ಲಿ ‘ನಾಲ್ಕನೆಯ ಮಡಿಕೆಯ ಬರಹ ಒರೆಸಿ ಹೋಗಿದೆ’ ಎಂದು ಬರೆದಿದ್ದಾಳೆ.

ಮೇಜು ಸದ್ಯಕ್ಕೆ ವರಾಂಡದಲ್ಲಿ ಟಾರ್ಪಾಲಿನ ಕೆಳಗಿದೆ. ನಿನ್ನೆ ಹೋದಾಗ ಬಾಗಿಲ ಒಳಗೆ ಐದು ಅಡಿ ದೂರದಲ್ಲಿ, ಸ್ವಾಗತದ ಕೌಂಟರಿಗೆಂದು ಅಡ್ಡಗೋಡೆಗೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ಆ ಗೋಡೆ ಎದ್ದರೆ 12 ಅಡಿಯ ಮೇಜು ಒಳಗೆ ತಿರುಗುವುದಿಲ್ಲ. “ಗೋಡೆ ಸೋಮವಾರ ಏಳುತ್ತೆ ಸಾರ್, ಮೇಜು ಒಳಕ್ಕೆ ಬೇಕು ಅನ್ನೋದಾದ್ರೆ ಅಷ್ಟರೊಳಗೆ ಹೇಳಿ” ಎಂದು ಮೇಸ್ತ್ರಿ ಹೇಳಿದ್ದಾನೆ.